ನಾಲ್ಕು ಹಸ್ತದಗಲದ ನೆಲ



ಸ್ಟುಡಿಯೋದಲ್ಲಿ ಬೇರೆಯವರನ್ನು ಮಾತಿಗೆ ಕೂರಿಸಿ, ಗಾಜಿನ ಈಚೆ ಗಡಿಯಾರ ನೋಡುತ್ತ ಕೂರುವುದು ನನ್ನ ವೃತ್ತಿ. ಈ ಸಲ ಮಾತನಾಡುವ ಸರದಿ ನನ್ನದಾಗಿದೆ. ವಿಷಯ ಕೇಳಿ ನಮ್ಮ ಕಚೇರಿಯಲ್ಲಿ ಒಬ್ಬರು, "ದುಬಾರಿ ಕಾರಿಗೆ ಟೈರು ಆರಿಸುವುದು ಜನಸಾಮಾನ್ಯರ ವಿಷಯವೇ ಸಾರ್?" ಎಂದು ನಕ್ಕರು. ಕಾರು ಯಾರದಾದರೂ ಆಗಲಿ, ರಸ್ತೆ ಎಲ್ಲರದು ತಾನೆ? ಎರಡು ಟನ್ ತೂಕದ ವಾಹನ ಹಿಡಿತ ತಪ್ಪಿದರೆ ಒಳಗಿರುವವರಿಗೆ ಎಷ್ಟು ಅಪಾಯವೋ ಪಕ್ಕದಲ್ಲಿ ಸ್ಕೂಟರಿನ ಮೇಲೆ ಹೋಗುವವರಿಗೂ ಅಷ್ಟೇ ಅಪಾಯ. ಅಲ್ಲದೆ ಇಲ್ಲಿ ಹೇಳುವ ಲೆಕ್ಕ ಸಣ್ಣ ಕಾರಿಗೂ ಹೊಂದುತ್ತದೆ.

ಚಂದ್ರಾ ಲೇಔಟ್‌ನಲ್ಲಿ ನನ್ನ ಅಕ್ಕನ ಮನೆಯಿದೆ. ಒಂದು ಭಾನುವಾರ ಊಟಕ್ಕೆ ಹೋಗಿದ್ದೆ. ಭಾವ ಐದು ವರ್ಷದ ಹಿಂದೆ ಕೊಂಡ ಫಾರ್ಚೂನರ್ ಗಾಡಿ ಗೇಟಿನ ಮುಂದೆ ನಿಂತಿತ್ತು. ನಮ್ಮ ಮೈಸೂರು ರಸ್ತೆಯಲ್ಲೇ ಮುಂದೆ ಹೋದರೆ ಸಿಗುವ ಬಿಡದಿಯಲ್ಲಿ 2009ರಿಂದ ತಯಾರಾಗುತ್ತಿರುವ ಗಾಡಿ ಅದು. ಟೈರುಗಳು ಸವೆದು ನುಣ್ಣಗಾಗಿದ್ದವು. ಅಕ್ಕನ ಮಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಕಪ್ಪು ಬಣ್ಣದ, 20 ಅಂಗುಲದ ಅಲಾಯ್ ಚಕ್ರಗಳು.

"ಮಾಮ, ಹೆಂಗೂ ಟೈರ್ ಬದಲಾಯಿಸಬೇಕು. ಇದನ್ನೇ ಹಾಕಿಸಿಬಿಡೋಣ. ಗಾಡಿ ನೋಡೋಕೆ ಒಳ್ಳೆ ಹುಲಿ ಥರ ಇರುತ್ತೆ."

ಭಾವ ನನ್ನ ಕಡೆ ತಿರುಗಿದರು. "ಏನಯ್ಯಾ, ಬಿ.ಎಸ್ಸಿ. ಓದಿದವನು ನೀನು. ಚಕ್ರ ದೊಡ್ಡದಾದರೆ ಒಳ್ಳೆಯದೇ ಅಲ್ಲವಾ?"

ನಾನು ಉತ್ತರ ಕೊಡುವ ಮೊದಲು ಒಳಗಿನಿಂದ ಬಂದ ಅಕ್ಕ, "ಟೈರಿನ ಮಾತು ಬಂದರೆ ಅವನನ್ನೇ ಕೇಳಿ, ಅವನಿಗೆ ಅನುಭವವಾಗಿದೆ" ಎಂದಳು. ಅವಳು ಹೇಳಿದ ಅನುಭವ ಏನೆಂದು ನಿಮಗೂ ಹೇಳಬೇಕು.

2015ರಲ್ಲಿ ನನ್ನ ಸಣ್ಣ ಕಾರಿಗೆ ರಿಯಾಯಿತಿಯಲ್ಲಿ ಎರಡು ಹೊಸ ಟೈರು ಹಾಕಿಸಿದೆ. ಅಂಗಡಿ ಯಾವುದೆಂಬುದು ಇಲ್ಲಿ ಬೇಡ. ನೋಡಿ ಕೊಳ್ಳದ ತಪ್ಪು ನನ್ನದೂ ಹೌದು. ಕೆಲವು ತಿಂಗಳ ನಂತರ ಅಮ್ಮನನ್ನು ಕರೆದುಕೊಂಡು ಮಂಡ್ಯಕ್ಕೆ ಹೊರಟಿದ್ದೆ. ಚನ್ನಪಟ್ಟಣ ದಾಟಿದ ಮೇಲೆ ಮುಂದಿನ ಎಡ ಟೈರು ಸಿಡಿಯಿತು. ಕಾರು ರಸ್ತೆ ವಿಭಜಕಕ್ಕೆ ತಾಗಿ ನಿಂತಿತು. ಅಮ್ಮನ ಬಲ ಮಣಿಕಟ್ಟು ಮುರಿಯಿತು. ಆಮೇಲೆ ಆ ಟೈರಿನ ಬದಿಯನ್ನು ಒರೆಸಿ ನೋಡಿದರೆ 1809 ಎಂಬ ನಾಲ್ಕು ಅಂಕಿಗಳಿದ್ದವು. 2009ನೇ ಇಸವಿಯ 18ನೇ ವಾರದಲ್ಲಿ ತಯಾರಾದದ್ದು ಎಂದು ಅದರ ಅರ್ಥ. ನಾನು ಹೊಸದೆಂದು ಕೊಂಡದ್ದಕ್ಕೆ ಆಗಲೇ ಆರು ವರ್ಷ ವಯಸ್ಸಾಗಿತ್ತು. ಅಮ್ಮನ ಕೈ ಇಂದಿಗೂ ಪೂರ್ತಿ ತಿರುಗುವುದಿಲ್ಲ. ಮುದ್ದೆ ತಿರುವುವ ಕೆಲಸ ಅಂದಿನಿಂದ ಅಕ್ಕನ ಪಾಲಿಗೆ ಬಂದಿದೆ.

ಆದ್ದರಿಂದ ಊಟವಾದ ಮೇಲೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಕನ ದಿನಸಿ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದೆ. ನೀವೂ ಜೊತೆಗೆ ಬನ್ನಿ.

ಮೊದಲ ಪ್ರಶ್ನೆ: ಕಾರಿನ ಭಾರವನ್ನು ಹೊರುವುದು ಯಾವುದು? ರಬ್ಬರು ಎಂದ ಹುಡುಗ. ಅಲ್ಲ, ಹೆಚ್ಚಿನ ಭಾರ ಹೊರುವುದು ಒಳಗಿನ ಗಾಳಿ. ರಬ್ಬರು, ನೂಲು, ಉಕ್ಕಿನ ತಂತಿ ಇವೆಲ್ಲ ಆ ಗಾಳಿಯನ್ನು ಹಿಡಿದಿಡುವ ಚೀಲ. ಗಾಳಿ ತುಂಬಿದ ಟೈರಿಗೆ 1845ರಲ್ಲೇ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವರು ಹಕ್ಕುಪತ್ರ ಪಡೆದಿದ್ದರು. 1888ರಲ್ಲಿ ಜಾನ್ ಡನ್ಲಪ್ ಎಂಬ ಪಶುವೈದ್ಯರು ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದರು. ಇಬ್ಬರೂ ನಂಬಿದ್ದು ಗಾಳಿಯನ್ನೇ.

ಭಾವನ ಗಾಡಿಯ ತೂಕವನ್ನು 2,200 ಕಿಲೋ ಎಂದಿಟ್ಟುಕೊಳ್ಳೋಣ. ಒಂದು ಚಕ್ರದ ಪಾಲು 550 ಕಿಲೋ. ಗಾಳಿಯ ಒತ್ತಡ 33 ಪೌಂಡ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.3 ಕಿಲೋ. 550ನ್ನು 2.3ರಿಂದ ಭಾಗಿಸಿದರೆ ಸುಮಾರು 240 ಚದರ ಸೆಂಟಿಮೀಟರು. ಬೆರಳು ಅಗಲಿಸಿ ಇಟ್ಟ ಒಂದು ದೊಡ್ಡ ಹಸ್ತದಷ್ಟು ಜಾಗ. ಅಷ್ಟು ದೊಡ್ಡ ಗಾಡಿ, ಒಳಗೆ ಕುಳಿತ ಮನೆಮಂದಿ ಎಲ್ಲರೂ ನೆಲಕ್ಕೆ ಅಂಟಿಕೊಂಡಿರುವುದು ಅಂಥ ನಾಲ್ಕು ಹಸ್ತದಗಲದಲ್ಲಿ ಮಾತ್ರ. ಬ್ರೇಕು, ತಿರುವು, ಮಳೆಯಲ್ಲಿ ಜಾರದೆ ನಿಲ್ಲುವುದು, ಎಲ್ಲವೂ ಅಲ್ಲೇ ತೀರ್ಮಾನವಾಗಬೇಕು.

ಎರಡನೆಯದು, ಟೈರಿನ ಬದಿಯ ಬರಹ. ಭಾವನ ಗಾಡಿಯಲ್ಲಿ 265/65 ಆರ್ 17 ಎಂದಿತ್ತು. 265 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಟೈರಿನ ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ 65 ಭಾಗ, ಅಂದರೆ 172 ಮಿಲಿಮೀಟರು. ಆರ್ ಎಂದರೆ ರೇಡಿಯಲ್ ರಚನೆ. 17 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. ರಿಮ್ಮಿನ 432 ಮಿಲಿಮೀಟರಿಗೆ ಮೇಲೊಂದು ಕೆಳಗೊಂದು ಪಕ್ಕೆ ಕೂಡಿದರೆ ಇಡೀ ಚಕ್ರದ ವ್ಯಾಸ 776 ಮಿಲಿಮೀಟರು.

ಇದೇ ಗಾಡಿಯ, ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಮಾದರಿಗೆ ಕಂಪನಿಯವರು 265/60 ಆರ್ 18 ಟೈರು ಕೊಡುತ್ತಾರೆ. ಲೆಕ್ಕ ಹಾಕಿ ನೋಡಿ: 775 ಮಿಲಿಮೀಟರು. ರಿಮ್ಮು ಒಂದು ಅಂಗುಲ ದೊಡ್ಡದಾಯಿತು, ಪಕ್ಕೆ ಅಷ್ಟು ಕುಗ್ಗಿತು, ಒಟ್ಟು ವ್ಯಾಸ ಬದಲಾಗಲಿಲ್ಲ. ರಿಮ್ಮು ಬದಲಾಯಿಸುವವರು ಮೊದಲು ನೆನಪಿಡಬೇಕಾದ ಸೂತ್ರ ಇದು.

ಹುಡುಗ ತೋರಿಸಿದ್ದು 285/55 ಆರ್ 20. ಅದರ ವ್ಯಾಸ 821 ಮಿಲಿಮೀಟರು. ಸುಮಾರು ನೂರಕ್ಕೆ 6ರಷ್ಟು ಹೆಚ್ಚು. ಸ್ಪೀಡೋಮೀಟರು ಹಳೆಯ ಚಕ್ರದ ಸುತ್ತಳತೆಯನ್ನು ನಂಬಿಕೊಂಡೇ ಎಣಿಸುತ್ತದೆ. ಲೆಕ್ಕದ ಪ್ರಕಾರ ಮುಳ್ಳು ಮೊದಲು ತೋರಿಸುತ್ತಿದ್ದ 100ಕ್ಕೆ ಈಗ ಗಾಡಿಯ ವೇಗ 106 ಆಗಿರುತ್ತದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ನಿಗದಿಯಾದ ಮಿತಿ 100. ದಂಡ ಬಂದರೆ ಮುಳ್ಳನ್ನು ದೂರಿ ಪ್ರಯೋಜನವಿಲ್ಲ. ಇನ್ನೊಂದು ತೊಂದರೆ, ದೊಡ್ಡ ಚಕ್ರ ಪೂರ್ತಿ ತಿರುಗಿದಾಗ ಒಳಗಿನ ಮಡ್‌ಗಾರ್ಡಿಗೆ ಉಜ್ಜಬಹುದು.

"ಸರಿ ಮಾಮ, ವ್ಯಾಸ ಸರಿಹೋಗುವ 265/50 ಆರ್ 20 ಹಾಕಿದರೆ?" ಎಂದ ಹುಡುಗ. ಒಳ್ಳೆಯ ಪ್ರಶ್ನೆ. ವ್ಯಾಸವೇನೋ 773ಕ್ಕೆ ಬರುತ್ತದೆ. ಆದರೆ 172 ಮಿಲಿಮೀಟರು ಇದ್ದ ಪಕ್ಕೆ 132ಕ್ಕೆ ಇಳಿಯುತ್ತದೆ. ನಾಲ್ಕು ಸೆಂಟಿಮೀಟರು ಕಡಿಮೆ. ಗುಂಡಿಗೆ ಬಿದ್ದಾಗ ಬಾಗಿ, ಹೊಡೆತವನ್ನು ನುಂಗಿಕೊಳ್ಳುವುದು ಆ ಪಕ್ಕೆಯೇ. ಅದು ಗಿಡ್ಡವಾದಷ್ಟೂ ಹೊಡೆತ ರಿಮ್ಮಿಗೆ ಹೋಗುತ್ತದೆ. ಅಲಾಯ್ ರಿಮ್ಮು ಉಕ್ಕಿನ ರಿಮ್ಮಿನಂತೆ ಸುಲಭವಾಗಿ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಟೈರಿನ ಒಳಗಿನ ನೂಲು ತುಂಡಾಗಿ ಪಕ್ಕೆಯಲ್ಲಿ ಗುಳ್ಳೆ ಏಳಬಹುದು. ಗುಳ್ಳೆ ಎದ್ದ ಟೈರಿಗೆ ರಿಪೇರಿ ಇಲ್ಲ. ಮಳೆಗಾಲದಲ್ಲಿ ನಾಯಂಡಹಳ್ಳಿಯ ಕಡೆ, ನೀರಿನ ಕೆಳಗೆ ಗುಂಡಿ ಎಲ್ಲಿದೆಯೆಂದು ಕಾಣದ ರಾತ್ರಿಯಲ್ಲಿ ಗಾಡಿ ಓಡಿಸಿದವರಿಗೆ ಆ ನಾಲ್ಕು ಸೆಂಟಿಮೀಟರಿನ ಬೆಲೆ ಗೊತ್ತು.

ಮೂರನೆಯದು, ಗಾತ್ರದ ಮುಂದಿನ ಸಂಖ್ಯೆ ಮತ್ತು ಅಕ್ಷರ. ಭಾವನ ಟೈರಿನಲ್ಲಿ 112 ಎಸ್ ಎಂದಿತ್ತು. 112 ಎಂದರೆ ಆ ಟೈರು ಹೊರಬಲ್ಲ ಭಾರ 1,120 ಕಿಲೋ. 107 ಎಂದಿದ್ದರೆ 975 ಕಿಲೋ, 100 ಎಂದಿದ್ದರೆ 800 ಕಿಲೋ ಮಾತ್ರ. ಎಸ್ ಎಂಬುದು ಗಂಟೆಗೆ 180 ಕಿಲೋಮೀಟರಿನವರೆಗಿನ ವೇಗದ ಗುರುತು. ಎಚ್ ಎಂದರೆ 210, ವಿ ಎಂದರೆ 240. ಗಾತ್ರ ಒಂದೇ ಇದ್ದರೂ ಹೊರೆಯ ಸಂಖ್ಯೆ ಬೇರೆ ಬೇರೆ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಸಂಖ್ಯೆಯ ಟೈರನ್ನು, ಎಷ್ಟೇ ಅಗ್ಗವಾಗಿ ಕೊಟ್ಟರೂ ಒಪ್ಪಬೇಡಿ.

ನಾಲ್ಕನೆಯದು ವಯಸ್ಸು. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಇಳಿಯುವ ರಬ್ಬರು ಹಾಲೂ ಟೈರಿನ ರಬ್ಬರೂ ಒಂದೇ ಕುಲದವು. ಗಾಳಿಯಲ್ಲಿರುವ ಆಮ್ಲಜನಕ, ಓಝೋನ್, ಬಿಸಿಲು ಇವು ಓಡದೆ ನಿಂತ ಟೈರನ್ನೂ ನಿಧಾನವಾಗಿ ಬಿರುಸು ಮಾಡುತ್ತವೆ. ಆದ್ದರಿಂದ ಪಕ್ಕೆಯ ಮೇಲಿನ ಆ ನಾಲ್ಕು ಅಂಕಿಗಳನ್ನು ನೀವೇ ಬಗ್ಗಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು, ಹತ್ತು ವರ್ಷವಾದರೆ ನೋಡಲು ಚೆನ್ನಾಗಿದ್ದರೂ ತೆಗೆದುಹಾಕಬೇಕು ಎಂಬುದು ಹಲವು ತಯಾರಕರ ಸಲಹೆ. ಸ್ಟೆಪ್ನಿಗೂ ಇದೇ ನಿಯಮ. ಸವೆತ ನೋಡಲು ಗೀರುಗಳ ತಳದಲ್ಲಿ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವೆ. ಮೇಲಿನ ರಬ್ಬರು ಸವೆದು ಅವುಗಳ ಮಟ್ಟಕ್ಕೆ ಬಂದರೆ ಉಳಿದ ಆಳ 1.6 ಮಿಲಿಮೀಟರು. ಕಾನೂನು ಅಲ್ಲಿಗೆ ನಿಲ್ಲುತ್ತದೆ. ಮಳೆಗಾಲಕ್ಕೆ ಮೊದಲೇ ಬದಲಾಯಿಸುವುದು ಜಾಣತನ. ಕಾರಿನ ಟೈರಿಗೆ ಐ.ಎಸ್.ಐ. ಗುರುತು ಕಡ್ಡಾಯವೆಂಬುದನ್ನೂ ಮರೆಯಬೇಡಿ.

ಇನ್ನು ಟೈರಿನ ಜಾತಿ. ಊರು ಮತ್ತು ಹೆದ್ದಾರಿಗೆ ಎಚ್.ಟಿ. ಎಂಬ ಬಗೆ ಸಾಕು. ವಾರಕ್ಕೊಮ್ಮೆ ತೋಟಕ್ಕೆ, ಕಚ್ಚಾ ದಾರಿಗೆ ಹೋಗುವವರಿಗೆ ಎ.ಟಿ. ಬಗೆ ಹೊಂದುತ್ತದೆ, ಸದ್ದು ತುಸು ಹೆಚ್ಚು. ಕೆಸರಿಗೆಂದೇ ಮಾಡಿದ ಎಂ.ಟಿ. ಟೈರು ಒರಟಾಗಿ ಚೆಂದ ಕಾಣುತ್ತದೆ ನಿಜ, ಆದರೆ ಒದ್ದೆ ಡಾಂಬರಿನ ಮೇಲೆ ಅದರ ಹಿಡಿತ ಕಡಿಮೆ. ಚಂದ್ರಾ ಲೇಔಟ್‌ನ 80 ಅಡಿ ರಸ್ತೆಗೆ ಅದೇಕೆ ಬೇಕು ಹೇಳಿ.

ರಿಮ್ಮನ್ನೇ ಬದಲಾಯಿಸುವುದಾದರೆ ಮೂರು ಅಳತೆ ನೋಡಬೇಕು. ಬೋಲ್ಟುಗಳ ಸಂಖ್ಯೆ ಮತ್ತು ಅವು ಕೂರುವ ವೃತ್ತದ ವ್ಯಾಸ ಒಂದು. ಭಾವನ ಗಾಡಿಯಲ್ಲಿ ಅದು ಆರು ಬೋಲ್ಟು, 139.7 ಮಿಲಿಮೀಟರು. ನಡುವಿನ ತೂತು ಹಬ್ಬಿಗೆ ಬಿಗಿಯಾಗಿ ಕೂರಬೇಕು, ಇದು ಎರಡು. ಬೋಲ್ಟು ಕೂರುವ ಮುಖ ರಿಮ್ಮಿನ ಅಗಲದ ನಟ್ಟನಡುವಿನಿಂದ ಎಷ್ಟು ಸರಿದಿದೆ ಎಂಬುದು ಮೂರನೆಯದು. ಇದನ್ನು ಅಂಗಡಿಯವರು ಆಫ್‌ಸೆಟ್ ಎನ್ನುತ್ತಾರೆ. ಇದು ತಪ್ಪಿದರೆ ಚಕ್ರ ಹೊರಗೆ ಚಾಚಿ ಬೇರಿಂಗಿಗೆ ಹೆಚ್ಚಿನ ಭಾರ ಬೀಳುತ್ತದೆ. ಅದರ ಮೇಲೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಯಾವ ಬದಲಾವಣೆಗೂ ಮೊದಲು ವಿಮೆಯವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇಷ್ಟು ಕೇಳಿದ ಭಾವ, "ಅಲ್ಲಯ್ಯಾ, ಹಾಗಾದರೆ ನೈಟ್ರೋಜನ್ ತುಂಬಿಸಿದರೆ ಸಾಕಲ್ಲವಾ?" ಎಂದರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್ನೇ ಇದೆ ಭಾವ ಎಂದೆ. ಅದನ್ನೇ ತುಂಬಿಸಿದರೂ ತಪ್ಪಿಲ್ಲ. ಆದರೆ ಎರಡು ವಾರಕ್ಕೊಮ್ಮೆ, ಟೈರು ತಣ್ಣಗಿರುವಾಗ ಒತ್ತಡ ನೋಡಿಸುವುದಕ್ಕೆ ಬದಲಿ ಅದಲ್ಲ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಈ ಚಕ್ರ ಸೆಕೆಂಡಿಗೆ 11 ಸುತ್ತಿಗಿಂತ ಹೆಚ್ಚು ತಿರುಗುತ್ತದೆ. ಪ್ರತಿ ಸುತ್ತಿಗೂ ಪಕ್ಕೆ ಒಮ್ಮೆ ಮಡಿಸಿ ಬಿಚ್ಚುತ್ತದೆ. ಗಾಳಿ ಕಡಿಮೆಯಿದ್ದರೆ ಮಡಿಕೆ ಹೆಚ್ಚು, ಮಡಿಕೆ ಹೆಚ್ಚಾದರೆ ಕಾವು ಹೆಚ್ಚು, ಕಾವು ಮಿತಿಮೀರಿದರೆ ಟೈರು ಸಿಡಿಯುತ್ತದೆ. ನನ್ನ ಹಳೆಯ ಟೈರಿನ ಗತಿಯೂ ಇದೇ. ಬಿರುಸಾಗಿದ್ದ ರಬ್ಬರು ಆ ಕಾವನ್ನು ತಾಳಲಿಲ್ಲ.

ಚೀಟಿಯ ಹಿಂಬದಿ ತುಂಬಿತ್ತು. ಅಕ್ಕ ಅದನ್ನು ತೆಗೆದುಕೊಂಡು ಈಚೆ ಆಚೆ ತಿರುಗಿಸಿ ನೋಡಿ, "ನನ್ನ ಬೇಳೆ, ಬೆಲ್ಲದ ಲೆಕ್ಕ ಎಲ್ಲಿ ಹೋಯಿತೋ" ಎಂದಳು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ಹೋಗಿ ಗಾಡಿಯ ನಾಲ್ಕು ಟೈರಿನ ಜೊತೆಗೆ ಸ್ಟೆಪ್ನಿಯ ಅಂಕಿಯನ್ನೂ ಟಾರ್ಚು ಹಿಡಿದು ಓದಿಕೊಂಡು ಬಂದ.

ಮರುವಾರ ಮೂವರೂ ಟೈರು ಅಂಗಡಿಗೆ ಹೋದೆವು. ಅದೇ 17 ಅಂಗುಲ, ಅದೇ 112ರ ಹೊರೆ, ಸ್ಟೆಪ್ನಿ ಸೇರಿ ಐದು ಟೈರು. ಅಂಗಡಿಯವರು ಮೊದಲು ತಂದ ಐದರಲ್ಲಿ ಒಂದು ಎರಡು ವರ್ಷ ಹಳೆಯದೆಂದು ಹುಡುಗನೇ ಹಿಂದಕ್ಕೆ ಕಳಿಸಿದ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮಾಡಿಸಿದೆವು. ನಟ್ಟುಗಳನ್ನು ಒಂದರ ಪಕ್ಕ ಒಂದರಂತಲ್ಲ, ಎದುರುಬದುರಾಗಿ, ಅಳತೆಯ ಸ್ಪ್ಯಾನರಿನಲ್ಲಿ ಬಿಗಿಸಿದರು. ಹೊಸ ರಿಮ್ಮಿನ ಹಣ ಉಳಿಯಿತು; ಹಳೆಯ ರಿಮ್ಮುಗಳಿಗೆ ಕಪ್ಪು ಬಣ್ಣ ಹೊಡೆಸಲು ಭಾವ ಒಪ್ಪಿದರು.

ಓದುಗರೆ, ನಿಮ್ಮ ಮನೆಯ ಮುಂದೆ ನಿಂತ ಗಾಡಿ ದೊಡ್ಡದಿರಲಿ ಚಿಕ್ಕದಿರಲಿ, ಈ ಪುಟ ಮಡಚಿಟ್ಟ ಮೇಲೆ ಒಮ್ಮೆ ಹೊರಗೆ ಹೋಗಿ. ಬಗ್ಗಿ, ಟೈರಿನ ಧೂಳು ಒರೆಸಿ, ಆ ನಾಲ್ಕು ಅಂಕಿಗಳನ್ನು ಓದಿ. ಎರಡು ನಿಮಿಷದ ಕೆಲಸ. ನಾನು ಅಂದು ಮಾಡದೆ ಬಿಟ್ಟದ್ದು ಅದೊಂದನ್ನೇ.