ಹಣ್ಣು ನಮ್ಮದು, ಹೆಸರು ಯಾರದು?



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ರೈತರ ಮುಂದೆ ವೈನಿನ ಮಾತು ಎತ್ತಿದರೆ "ಈ ಯಪ್ಪನಿಗೆ ಏನಾಯ್ತು, ಸಾಲ, ಬೆಲೆ ಬಿಟ್ಟು ಕುಡಿತದ ಮಾತಿಗೆ ಇಳಿದ" ಅಂತೀರಿ. ಕುಡಿಯಿರಿ ಅಂತ ಹೇಳೋಕೆ ನಾನು ನಿಂತಿಲ್ಲ. ಸಾರಾಯಿ ನಮ್ಮ ಹಳ್ಳಿಗಳ ಎಷ್ಟು ತಾಳಿಗಳನ್ನು ಗಿರವಿ ಅಂಗಡಿಗೆ ಕಳಿಸಿತು ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿತು. ಅದರಿಂದ ಬೆಳೆಗಾರನ ಕೈಗೆ ಏನು ಬಂತು ನೋಡೋಣ ಅಂತ ಬೆಂಗಳೂರಿನ ಒಂದು ವೈನ್ ಮೇಳಕ್ಕೆ ಹೋಗಿದ್ದೆ.

ಅಲ್ಲಿ ನಮ್ಮ ಕಡೆಯ ಬಾಟ್ಲಿಗಳೂ ಇದ್ದವು, ಇಟಲಿಯ ಬಾಟ್ಲಿಗಳೂ ಇದ್ದವು. ನಮ್ಮ ಬಾಟ್ಲಿ ಮೇಲೆ ದಪ್ಪಕ್ಷರದಲ್ಲಿ ಕಂಪನಿಯ ಹೆಸರು. ಇಟಲಿಯ ಬಾಟ್ಲಿ ಮೇಲೆ ಬರೋಲೊ, ಬಾರ್ಬರೆಸ್ಕೊ. ಇದು ಯಾವ ಧಣಿಯ ಹೆಸರಪ್ಪ ಅಂತ ಕೇಳಿದೆ. "ಧಣಿಯದಲ್ಲ, ಹಳ್ಳಿಯ ಹೆಸರು" ಅಂದರು. ನಾನು ಹೇಳಬೇಕಾದ್ದೆಲ್ಲ ಈ ಒಂದು ಮಾತಿನಲ್ಲಿದೆ. ಅವರ ಬೆಳೆ ಊರಿನ ಹೆಸರು ಹೊತ್ತುಕೊಂಡೇ ಊರು ಬಿಡುತ್ತದೆ. ನಮ್ಮ ಬೆಳೆ ಅನಾಥವಾಗಿ ಲಾರಿ ಹತ್ತುತ್ತದೆ.

ಈ ಬಾರ್ಬರೆಸ್ಕೊ ಕಥೆ ಕೇಳಿ. ಇಟಲಿಯ ಉತ್ತರಕ್ಕೆ, ಪೀಡ್‌ಮಾಂಟ್ ಸೀಮೆಯ ಸಣ್ಣ ಗುಡ್ಡದೂರು ಅದು. 1894ರಲ್ಲಿ ಡೊಮಿಜಿಯೊ ಕವಾಜ್ಜಾ ಎಂಬ ಮೇಷ್ಟ್ರು ಒಂಬತ್ತು ತೋಟದವರನ್ನು ಸೇರಿಸಿ ಸಹಕಾರಿ ವೈನ್ ಮನೆ ಕಟ್ಟಿದರು. ಮುಸೊಲಿನಿಯ ಕಾಲದಲ್ಲಿ ಅದು ಮುಚ್ಚಿಹೋಯಿತು. 1958ರಲ್ಲಿ ಆ ಊರಿನ ಪಾದ್ರಿ ಹತ್ತೊಂಬತ್ತು ಸಣ್ಣ ರೈತರನ್ನು ಕೂಡಿಸಿ ಮತ್ತೆ ಶುರು ಮಾಡಿದರು. ಜಾಗ ಇಲ್ಲದೆ ಮೊದಲ ಮೂರು ವರ್ಷ ಚರ್ಚಿನ ನೆಲಮಾಳಿಗೆಯಲ್ಲೇ ವೈನ್ ಇಳಿಸಿದರು. ಇವತ್ತು ಐವತ್ತರಷ್ಟು ಮನೆಗಳು ಅದರಲ್ಲಿವೆ. ಕಟ್ಟಳೆ ಒಂದೇ: ಸದಸ್ಯ ತನ್ನ ನೆಬ್ಬಿಯೋಲೊ ದ್ರಾಕ್ಷಿಯನ್ನೆಲ್ಲ ಸಂಘಕ್ಕೇ ಹಾಕಬೇಕು. ಒಳ್ಳೇದು ಹೊರಗೆ, ಕೆಟ್ಟದ್ದು ಸಂಘಕ್ಕೆ ಅನ್ನೋ ಹಾಗಿಲ್ಲ. ಹಣ್ಣಿನ ಗುಣ ನೋಡಿ ದುಡ್ಡು.

ಇದು ನಮಗೆ ಆಗದ ಕೆಲಸ ಅಂತೀರಾ? ದಿನಾ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವವರು ಯಾರು? ಡಿಗ್ರಿ ನೋಡಿ, ಫ್ಯಾಟ್ ನೋಡಿ ದುಡ್ಡು ಎಣಿಸಿಕೊಳ್ಳುವವರು ಯಾರು? ನಮ್ಮ ಜಿಲ್ಲೆಯ ಎಂ.ವಿ. ಕೃಷ್ಣಪ್ಪನವರು ಹಾಲಿಗೆ ಹಾಕಿಕೊಟ್ಟ ದಾರಿ ಇದೇ ಅಲ್ವೇ? ಬೋರ್‌ವೆಲ್ ಬತ್ತಿದ ವರ್ಷವೂ ಹಾಲಿನ ದುಡ್ಡು ಒಲೆ ಉರಿಸಿದೆ. ಹಾಲಿಗೆ ಕಲಿತದ್ದನ್ನು ಹಣ್ಣಿಗೆ ಯಾಕೆ ಮರೆತೆವು?

ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಈ ಸೀಮೆಯ ಹಣ್ಣು ಇದು ಅಂತ ಸರ್ಕಾರವೇ ಮುದ್ರೆ ಒತ್ತಿಕೊಟ್ಟಿದೆ. ಆ ಮುದ್ರೆ ಕಾಗದದಲ್ಲಿ ಉಳಿದರೆ ಬುಟ್ಟಿಗೆ ಏನು ಲಾಭ? ಟೊಮೇಟೊ ನೋಡಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ ಹದಿನೈದು ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಅದೇ ಮಾರುಕಟ್ಟೆಗೆ ಹೋಗೋ ಹಣ್ಣನ್ನು, ಕೀಳೋ ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದ ವರ್ಷಗಳೂ ಇವೆ. ಬಾಕ್ಸಿನ ಮೇಲೆ ಮಂಡಿಯ ಗುರುತು ಇರುತ್ತದೆ. ಬೆಳೆದವನ ಊರು ಇರುವುದಿಲ್ಲ. ಮುಂಗಡ ಕೊಟ್ಟ ಮಂಡಿಗೇ ಮಾಲು ಹಾಕಬೇಕಾದವನು ಚೌಕಾಸಿ ಮಾಡುವುದಾದರೂ ಹೇಗೆ?

ಮಾವಿನ ಪಾಡಂತೂ ಇನ್ನೂ ಸ್ಪಷ್ಟ. 2025ರ ಜೂನ್‌ನಲ್ಲಿ ನಮ್ಮ ತೋತಾಪುರಿ ಒಳಗೆ ಬರಕೂಡದು ಅಂತ ಚಿತ್ತೂರು ಜಿಲ್ಲಾಡಳಿತ ಗಡಿಯಲ್ಲಿ ತಡೆ ಹಾಕಿತು. ಯಾಕೆಂದರೆ ತಿರುಳು ತೆಗೆಯುವ ಕಾರ್ಖಾನೆಗಳು ಆ ಕಡೆ, ತೋಟಗಳು ಈ ಕಡೆ. ಶ್ರೀನಿವಾಸಪುರ ಬಂದ್ ಆಯಿತು. ಕೊನೆಗೆ ಕ್ವಿಂಟಾಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, ವ್ಯತ್ಯಾಸದ ಹಣ ಕೊಡಲು ಕೇಂದ್ರ ಸರ್ಕಾರ ಒಪ್ಪಿತು. ಹೋರಾಟ ಮಾಡಿದ್ದು ಸರಿ, ಮುಂದೆಯೂ ಮಾಡೋಣ. ಆದರೆ ಕೇಳಿ: ಹಣ್ಣು ಬೇಯಿಸುವ ಪಾತ್ರೆ ಬೇರೆಯವರ ಮನೆಯಲ್ಲಿದ್ದರೆ, ಬಾಗಿಲು ಹಾಕುವ ಅಧಿಕಾರವೂ ಅವರದೇ. ತೋತಾಪುರಿ ರಸವನ್ನೇ ಬಾಟ್ಲಿಗೆ ತುಂಬಿ ನಮ್ಮೂರ ಗೂಡಂಗಡಿಗೆ ಕಳಿಸುತ್ತಾರೆ. ಅದನ್ನು ದುಡ್ಡು ಕೊಟ್ಟು ಕುಡಿಯುವವರೂ ನಾವೇ.

ಇನ್ನು ಸಾಲದ ಮಾತು. ಇಟಲಿಯ ರೆಜ್ಜೊ ಎಮಿಲಿಯಾ ಸೀಮೆಯಲ್ಲಿ ಪರ್ಮಿಜಾನೊ ಅನ್ನೋ ಗಟ್ಟಿ ಚೀಸು ಮಾಡುತ್ತಾರೆ. ಹಾಲಿನಿಂದ ಮಾಡಿ, ಉಪ್ಪುನೀರಿನಲ್ಲಿ ನೆನೆಸಿ ಮಾಗಿಸುವ ಪದಾರ್ಥ. ಒಂದು ವರ್ಷವಾದರೂ ಮಾಗಬೇಕು, ಎರಡು ವರ್ಷ ಮಾಗಿದರೆ ಬೆಲೆ ಜಾಸ್ತಿ. ಅಲ್ಲಿವರೆಗೆ ಸಂಸಾರ ನಡೆಯೋದು ಹೇಗೆ? ಕ್ರೆಡಿಟೊ ಎಮಿಲಿಯಾನೊ ಎಂಬ ಬ್ಯಾಂಕು 1953ರಿಂದ ಆ ಚೀಸನ್ನೇ ಅಡವಿಟ್ಟುಕೊಂಡು ಸಾಲ ಕೊಡುತ್ತಿದೆ. ಬ್ಯಾಂಕಿನ ಉಗ್ರಾಣದಲ್ಲಿ ಚೀಸು ಮಾಗುತ್ತದೆ, ಇವನು ಒಳ್ಳೆ ಬೆಲೆಗೆ ಕಾಯುತ್ತಾನೆ. ನಾವು ಅಡವಿಡುವುದು ಹೆಂಡತಿಯ ಓಲೆ, ಭೂಮಿಯ ಪಹಣಿ. ಅವನು ಅಡವಿಡುವುದು ಬೆಳೆದದ್ದನ್ನು. ನಮ್ಮಲ್ಲೂ ಉಗ್ರಾಣ ರಸೀದಿಯ ಮೇಲೆ ಸಾಲ ಪಡೆಯಲು 2007ರಲ್ಲೇ ಕಾನೂನಾಗಿದೆ. ಟೊಮೇಟೊ ಕಾಯುವುದಿಲ್ಲ, ನಿಜ. ರಾಗಿ ಕಾಯುತ್ತದೆ, ಹುಣಸೆಹಣ್ಣು ಕಾಯುತ್ತದೆ, ತಿರುಳು ಮಾಡಿ ಡಬ್ಬಕ್ಕೆ ತುಂಬಿದ ಮಾವೂ ಕಾಯುತ್ತದೆ.

ಹಾಗಂತ ಇಟಲಿ ಸ್ವರ್ಗ ಅಂದುಕೊಳ್ಳಬೇಡಿ. 1986ರಲ್ಲಿ ಅಲ್ಲಿನ ಕೆಲವು ದುರಾಸೆಯವರು ವೈನಿಗೆ ಮಿಥೈಲ್ ಆಲ್ಕೋಹಾಲ್ ಬೆರೆಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ತಪ್ಪು ಕೆಲವರದು, ಹೆಸರು ಕೆಟ್ಟಿದ್ದು ಇಡೀ ದೇಶದ ಬೆಳೆಗಾರರದು. ನಮ್ಮಲ್ಲಿ ನಿಷೇಧ ಇದ್ದರೂ ಕಾರ್ಬೈಡ್ ಹಾಕಿ ಮಾವು ಹಣ್ಣು ಮಾಡುವವರು ಈ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಹೆಸರು ಬೇಕು ಅಂದರೆ ಅದನ್ನು ಕಾಯುವ ಜವಾಬ್ದಾರಿಯೂ ಬೇಕು.

2024ರ ಜೂನ್‌ನಲ್ಲಿ ರೋಮ್ ನಗರದಾಚೆಯ ಲಾಟಿನಾ ಸೀಮೆಯಲ್ಲಿ ನಮ್ಮ ಪಂಜಾಬಿನ ಕೂಲಿಯೊಬ್ಬನ ಕೈ ಯಂತ್ರಕ್ಕೆ ಸಿಕ್ಕಿ ತುಂಡಾಯಿತು. ಆಸ್ಪತ್ರೆಗೆ ಸೇರಿಸದೆ ಅವನ ಮನೆ ಮುಂದೆ ಬಿಟ್ಟು ಹೋದರು. ಹುಡುಗ ಉಳಿಯಲಿಲ್ಲ. ಬೆಳೆದವನಿಗೆ ಬೆಲೆ ಕೊಡಿ ಅಂತ ಕೂಗುವ ನಾವು, ನಮ್ಮ ತೋಟದಲ್ಲಿ ಕಾಯಿ ಕೀಳುವವರ ಕೂಲಿಯಲ್ಲಿ ಕಳ್ಳಲೆಕ್ಕ ಬರೆದರೆ ನಮ್ಮ ಕೂಗಿಗೆ ಬೆಲೆ ಎಲ್ಲಿ?

ಇಟಲಿಯವರ ಬದುಕು ಅಂದರೆ ವೈನು ಅಂತ ತಿಳಿದವರಿದ್ದಾರೆ. ಅವರಲ್ಲಿ ವೈನು ಊಟದ ಜೊತೆಗಿನ ಒಂದು ಲೋಟ. ಊಟ ಮನೆಮಂದಿಯ ಜೊತೆ. ತಟ್ಟೆಯಲ್ಲಿರುವುದು ಬಹುಮಟ್ಟಿಗೆ ತಮ್ಮ ಸೀಮೆಯಲ್ಲಿ ಬೆಳೆದದ್ದು. 1986ರಲ್ಲೇ ರೋಮಿನ ನಡುಚೌಕದಲ್ಲಿ ಅಮೆರಿಕದ ಮೆಕ್‌ಡೊನಾಲ್ಡ್ಸ್ ಹೋಟೆಲು ತೆರೆದಾಗ, ಕಾರ್ಲೊ ಪೆಟ್ರಿನಿ ಎಂಬಾತನ ಜೊತೆ ಸೇರಿದ ಜನ ಬೋಗುಣಿಗಳಲ್ಲಿ ತಮ್ಮ ಊಟ ಹಂಚಿ ಪ್ರತಿಭಟಿಸಿದರು. ನಾವು ನೆಂಟರು ಬಂದರೆ ರಾಗಿಮುದ್ದೆ, ಅವರೆಕಾಳು ಸಾರನ್ನು ಅಡಗಿಸಿಡುತ್ತೇವೆ. ಬೆಳೆದವನೇ ಮರ್ಯಾದೆ ಕೊಡದ ಬೆಳೆಗೆ ದಲ್ಲಾಳಿ ಕೊಡುತ್ತಾನೆಯೇ?

ಆದ್ದರಿಂದ ಈ ಸುಗ್ಗಿಗೆ ಮುಂಚೆ ನಿಮ್ಮ ಊರ ಡೈರಿ ಕಟ್ಟೆ ಮೇಲೆ ಹತ್ತು ಜನ ಕೂತು ಲೆಕ್ಕ ಹಾಕಿ. ಊರಲ್ಲಿ ಎಷ್ಟು ಮಾವು, ಎಷ್ಟು ಹುಣಸೆ, ಎಷ್ಟು ದ್ರಾಕ್ಷಿ? ಯಾರಿಗೆ ಯಾವ ಮಂಡಿಯ ಮುಂಗಡ ಎಷ್ಟು ಬಾಕಿ? ಮೊದಲು ಅದನ್ನು ತೀರಿಸಲು ಸಂಘದಿಂದ ಏನು ಮಾಡಬಹುದು? ಒಂದೇ ಪದಾರ್ಥ ಹಿಡಿಯಿರಿ, ಅದರ ಮೇಲೆ ನಿಮ್ಮ ಊರಿನ ಹೆಸರು ಬರೆಯಿರಿ. ಸರ್ಕಾರದ ಹತ್ತಿರ ಬೆಂಬಲ ಬೆಲೆಯ ಜೊತೆಗೆ ಕಾರ್ಖಾನೆ ಕೇಳಿ, ಉಗ್ರಾಣ ಕೇಳಿ. ಕೇಳುವಾಗ ಒಬ್ಬೊಬ್ಬರೇ ಅರ್ಜಿ ಹಿಡಿದು ಹೋಗಬೇಡಿ. ಊರಿಗೆ ಊರೇ ಹೋಗಿ.