ಅಡಿಲೇಡ್ ಪಟ್ಟಣದ ಜಮೀನು ವ್ಯವಹಾರ: ನಮಗೊಂದು ಪಾಠ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ತಿಳುವಳಿಕೆ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾವು ಭಾಷಣ ಮಾಡಿ ಅಭ್ಯಾಸವಿರುವವರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕೆ ಇಳಿದವರು. ಆದರೂ ಅಧ್ಯಕ್ಷರು, "ಸಾಲ, ಬಡ್ಡಿ, ಮರುಪಾವತಿ ಅಂತ ಎಲ್ಲರೂ ಮಾತಾಡ್ತಾರೆ, ನೀನು ಬೇರೆ ಏನಾದರೂ ಹೇಳಪ್ಪಾ" ಎಂದು ಅಪ್ಪಣೆ ಮಾಡಿದರು. ಹಾಗಾಗಿ ಬಹಳ ದೂರದ ಒಂದು ಊರಿನ ಕಥೆ ತಂದಿದ್ದೇವೆ. ದೂರದ್ದಾದರೂ ಅದು ಜಮೀನಿನ ಕಥೆ, ಕಾಗದ ಪತ್ರದ ಕಥೆ. ಆದ್ದರಿಂದ ನಮ್ಮದೇ ಕಥೆ.

ನಮ್ಮ ದೊಡ್ಡಪ್ಪನವರ ಮೊಮ್ಮಗ ಆಸ್ಟ್ರೇಲಿಯಾದ ಅಡಿಲೇಡ್ ಪಟ್ಟಣಕ್ಕೆ ಓದಲು ಹೋಗಿದ್ದಾನೆ. ಹಬ್ಬಕ್ಕೆ ಬಂದಾಗ ಜಗಲಿ ಮೇಲೆ ಕೂತು ನಮ್ಮ ಪಹಣಿ, ಖಾತೆಯ ಗೋಳು ಕೇಳಿದ. "ಚಿಕ್ಕಪ್ಪಾ, ಈ ಗೋಳಿಗೆ ಒಂದು ಮದ್ದು ಹುಡುಕಿದವರು ನಾನಿರೋ ಊರಿನವರೇ" ಎಂದ. ಅವನು ಓದಿ ಹೇಳಿದ್ದು, ಆಮೇಲೆ ನಾವೂ ಕೇಳಿ ಓದಿ ತಿಳಿದದ್ದು, ಇಷ್ಟನ್ನು ನಿಮ್ಮ ಮುಂದೆ ಇಡುತ್ತೇವೆ.

ನಮಗೆ ಈ ವಿಷಯ ಯಾಕೆ ಮನಸ್ಸಿಗೆ ನಾಟಿತು ಅನ್ನೋದನ್ನ ಮೊದಲು ಹೇಳಿಬಿಡುತ್ತೇವೆ. ನಾವು ಏಳನೇ ತರಗತಿಯಲ್ಲಿದ್ದಾಗ ನಮ್ಮ ತಂದೆಯವರು 1 ಎಕರೆ 10 ಗುಂಟೆ ಗದ್ದೆ ಕೊಂಡರು. ಕ್ರಯಪತ್ರ ಆಯಿತು, ರಿಜಿಸ್ಟ್ರಿ ಆಯಿತು, ಊರಿಗೆಲ್ಲ ಸಕ್ಕರೆ ಹಂಚಿದ್ದೂ ಆಯಿತು. ಮೂರು ವರ್ಷದ ಮೇಲೆ ಮಾರಿದವರ ದಾಯಾದಿಯೊಬ್ಬರು ಹಳೇ ಕಾಗದ ಹಿಡಿದು ಬಂದರು. ಅದರಲ್ಲಿ ಅವರ ಪಾಲೂ ಇತ್ತು! ಹನ್ನೊಂದು ವರ್ಷ ಕೋರ್ಟಿಗೆ ಅಲೆದೆವು. ನಾವು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಕಾಲೇಜಿಗೆ ಇಟ್ಟಿದ್ದ ದುಡ್ಡು ಆ ಕೇಸಿಗೆ ಹೋಯಿತು. ನಮ್ಮ ಓದು ಅಲ್ಲಿಗೆ ನಿಂತಿತು. ತಂದೆಯವರು ಮೋಸ ಮಾಡಿದವರಲ್ಲ, ಸಾಲ ಮಾಡಿ ತಿಂದವರಲ್ಲ. ದುಡ್ಡು ಕೊಟ್ಟು ಮಣ್ಣು ಕೊಂಡರು. ಆದರೆ ಆ ಮಣ್ಣು ಯಾರದು ಎಂದು ಖಚಿತವಾಗಿ ಹೇಳುವ ಒಂದು ಪುಸ್ತಕ ಎಲ್ಲೂ ಇರಲಿಲ್ಲ.

ಈಗ ಅಡಿಲೇಡಿಗೆ ಬರೋಣ.

ಆಸ್ಟ್ರೇಲಿಯಾದ ಕೆಲವು ಕಡೆಗಳಿಗೆ ಇಂಗ್ಲೆಂಡಿನವರು ಮೊದಲು ಕಳಿಸಿದ್ದು ಕೈದಿಗಳನ್ನು. ದಕ್ಷಿಣ ಆಸ್ಟ್ರೇಲಿಯಾ ಹಾಗಲ್ಲ, ಅದು ಲೆಕ್ಕ ಹಾಕಿ ಕಟ್ಟಿದ ವಸಾಹತು. 1834ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಅದಕ್ಕೊಂದು ಕಾಯ್ದೆ ಮಾಡಿತು. ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡ್ ಎಂಬಾತನ ಯೋಚನೆ ಹೀಗಿತ್ತು: ಜಮೀನನ್ನು ಯಾರಿಗೂ ಪುಕ್ಕಟೆ ಕೊಡಬಾರದು, ಒಂದು ಬೆಲೆ ಕಟ್ಟಿ ಮಾರಬೇಕು, ಬಂದ ದುಡ್ಡಿನಲ್ಲಿ ಇಂಗ್ಲೆಂಡಿನ ಬಡ ಕೂಲಿಕಾರರನ್ನು ಹಡಗು ಹತ್ತಿಸಿ ಕರೆತರಬೇಕು. 35,000 ಪೌಂಡಿನಷ್ಟು ಜಮೀನು ಮೊದಲೇ ಮಾರಾಟವಾಗದೆ ವಸಾಹತು ಶುರುವಾಗಕೂಡದು ಎಂಬ ಷರತ್ತೂ ಇತ್ತು.

ನೆಲವನ್ನು ಕಣ್ಣಲ್ಲಿ ನೋಡದೆ ಲಂಡನ್ನಿನಲ್ಲಿ ಕೂತು ಎಷ್ಟು ಜನ ಕೊಂಡಾರು? ಎಕರೆಗೆ 20 ಶಿಲ್ಲಿಂಗ್, ಅಂದರೆ 1 ಪೌಂಡ್ ಬೆಲೆಗೆ ಮಾರಾಟ ಸಾಗಲಿಲ್ಲ. 12 ಶಿಲ್ಲಿಂಗಿಗೆ ಇಳಿಸಿದರು. ಜಾರ್ಜ್ ಫೈಫ್ ಆಂಗಸ್ ಎಂಬ ವರ್ತಕರು ಮುಂದಾಗಿ ಕಂಪನಿ ಕಟ್ಟಿ ಉಳಿಕೆ ಜಮೀನು ತೆಗೆದುಕೊಂಡರು. ಒಟ್ಟು 437 ಹಕ್ಕು ಚೀಟಿಗಳು ಮಾರಾಟವಾದವು. ಒಂದು ಚೀಟಿಗೆ 81 ಪೌಂಡ್. ಅದಕ್ಕೆ ಪಟ್ಟಣದಲ್ಲಿ 1 ಎಕರೆ, ಹಳ್ಳಿ ಕಡೆ 134 ಎಕರೆ.

1836ರ ಡಿಸೆಂಬರ್ 28ರಂದು ವಸಾಹತಿನ ಘೋಷಣೆಯಾಯಿತು. ಮರುವರ್ಷ ಕರ್ನಲ್ ವಿಲಿಯಂ ಲೈಟ್ ಎಂಬ ಅಳತೆ ಅಧಿಕಾರಿ ಅಡಿಲೇಡ್ ಪಟ್ಟಣವನ್ನು ಅಳೆದು, ಗೂಟ ಹೊಡೆಸಿ, 1,042 ನಿವೇಶನ ಮಾಡಿದರು. ಒಂದೊಂದೂ ಒಂದು ಎಕರೆ. ಸುತ್ತಲೂ ಉದ್ಯಾನಕ್ಕೆ ಜಾಗ ಬಿಟ್ಟರು, ಅದರ ಬಹುಪಾಲು ಇವತ್ತೂ ಉಳಿದಿದೆಯಂತೆ. ಚೀಟಿ ಇದ್ದವರು ತಮ್ಮ ಎಕರೆ ಆರಿಸಿಕೊಂಡ ಮೇಲೆ, ಉಳಿದ ನಿವೇಶನಗಳು 1837ರ ಮಾರ್ಚ್ 27ರಂದು ಹರಾಜಿಗೆ ಬಂದವು.

ಅಲ್ಲಿಂದ ಶುರುವಾಯಿತು ನೋಡಿ ವ್ಯಾಪಾರ. ಹಳ್ಳಿ ಜಮೀನಿನ ಅಳತೆ ತಡವಾಯಿತು. ಉಳುವುದಕ್ಕೆ ಭೂಮಿ ಕೈಗೆ ಸಿಗಲಿಲ್ಲ. ಬಂದವರು ಏನು ಮಾಡಬೇಕು? ಪಟ್ಟಣದಲ್ಲೇ ಕೂತು ಒಬ್ಬರ ಎಕರೆ ಇನ್ನೊಬ್ಬರಿಗೆ ಮಾರುವುದು, ಅವರು ಅರ್ಧ ಮಾಡಿ ಮತ್ತೊಬ್ಬರಿಗೆ ಮಾರುವುದು. ತಿನ್ನುವ ಕಾಳು ಹೊರಗಿನಿಂದ ಹಡಗಿನಲ್ಲಿ ಬರಬೇಕು, ಇಲ್ಲಿ ಮಾತ್ರ ನಿವೇಶನದ ಬೆಲೆ ಏರುತ್ತಾ ಇದೆ. ಬಿತ್ತದೆ ಬೆಳೆ ಎಣಿಸಿದ ಹಾಗೆ. ಗವರ್ನರ್ ಗಾಲರ್ ಅವರು ಕೆಲಸವಿಲ್ಲದವರಿಗೆ ಕೆಲಸ ಕೊಡಲು ಕಟ್ಟಡ, ರಸ್ತೆ ಅಂತ ಸಾಲ ಮಾಡಿ ಖರ್ಚು ಮಾಡಿದರು. ಅವರು ಬರೆದ ಹುಂಡಿಗಳಿಗೆ ಲಂಡನ್ನಿನವರು ದುಡ್ಡು ಕೊಡುವುದನ್ನು ನಿಲ್ಲಿಸಿದರು. 1841ಕ್ಕೆ ವಸಾಹತು ದಿವಾಳಿಯ ಅಂಚಿಗೆ ಬಂತು. ಅಂಗಡಿಗಳು ಮುಚ್ಚಿದವು. ಎಷ್ಟೋ ಜನ ಮನೆಗಳನ್ನು ಖಾಲಿ ಬಿಟ್ಟು ಹೋದರು. ಆದರೆ ಈ ಏಟು ಬಿದ್ದ ಮೇಲೇ ಜನ ಪಟ್ಟಣ ಬಿಟ್ಟು ಹೊಲದ ಕಡೆ ತಿರುಗಿ ಗೋಧಿ ಬೆಳೆಯತೊಡಗಿದರು.

ಇಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗ ಬರುತ್ತದೆ. 1845ರಲ್ಲಿ ಅಡಿಲೇಡಿನ ಉತ್ತರಕ್ಕೆ ಬುರ್ರಾ ಎಂಬಲ್ಲಿ ಕುರಿ ಕಾಯುವವರ ಕಣ್ಣಿಗೆ ತಾಮ್ರದ ಅದಿರು ಬಿತ್ತು. ಆ ಜಾಗ ಬೇಕಾದರೆ ಒಟ್ಟಿಗೆ 20,000 ಎಕರೆ ಕೊಳ್ಳಬೇಕು, 20,000 ಪೌಂಡ್ ನಗದು ಎಣಿಸಬೇಕು. ಪಟ್ಟಣದ ಶ್ರೀಮಂತರದು ಒಂದು ಗುಂಪು, ಅಂಗಡಿಯವರು ಮತ್ತು ಸಣ್ಣ ವ್ಯಾಪಾರಿಗಳದು ಇನ್ನೊಂದು ಗುಂಪು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಆದರೆ ಇಬ್ಬರಲ್ಲೂ ಪೂರ್ತಿ ದುಡ್ಡಿಲ್ಲ. ಕಡೆಗೆ ಇಬ್ಬರೂ ಸೇರಿ ದುಡ್ಡು ಕಟ್ಟಿದರು. ಜಮೀನು ಎರಡು ಭಾಗ ಮಾಡಿ ಚೀಟಿ ಎತ್ತಿದರು. ಉತ್ತರದ ಭಾಗ ಅಂಗಡಿಯವರಿಗೆ ಬಂತು, ದಕ್ಷಿಣದ್ದು ಶ್ರೀಮಂತರಿಗೆ. ಶ್ರೀಮಂತರ ಗಣಿ ಕೆಲವೇ ವರ್ಷಗಳಲ್ಲಿ ಬರಿದಾಯಿತು. ಅಂಗಡಿಯವರ ಬುರ್ರಾ ಗಣಿ 1877ರ ತನಕ ನಡೆಯಿತು. ಅವರ ಷೇರು ಒಂದಕ್ಕೆ 5 ಪೌಂಡ್, ಒಟ್ಟು ಷೇರು 2,464, ಬಂಡವಾಳ 12,320 ಪೌಂಡ್. ಹಂಚಿದ ಲಾಭಾಂಶ ಎಲ್ಲ ಸೇರಿ ಸುಮಾರು 8 ಲಕ್ಷ ಪೌಂಡ್!

ಸಣ್ಣವರು ಸೇರಿದರೆ ಏನಾಗುತ್ತದೆ ಎಂಬುದಕ್ಕೆ ಇದನ್ನು ಹೇಳಿದೆವು. ಆದರೆ ಚಪ್ಪಾಳೆ ತಟ್ಟುವ ಮೊದಲು ಇನ್ನೊಂದು ಮಾತು ಕೇಳಿ. ಅದು ಕಂಪನಿ, ಸಹಕಾರ ಸಂಘವಲ್ಲ. ಆ ಗಣಿಯೊಳಗೆ ಇಳಿದು ಅದಿರು ತೆಗೆದ ಜನರಲ್ಲಿ ನೂರಾರು ಸಂಸಾರಗಳು ಹಳ್ಳದ ದಡ ಕೊರೆದು, ಆ ಗವಿಗಳಲ್ಲೇ ಬಾಳುವೆ ಮಾಡಿದವು. 1851ರಲ್ಲಿ ಹಳ್ಳ ಬಂದು ಅವರನ್ನು ಎಬ್ಬಿಸಿತು. ಲಾಭ ಷೇರುದಾರನಿಗೆ, ಹಳ್ಳದ ನೀರು ಕೂಲಿಯವನಿಗೆ. ಬುರ್ರಾ ಕಂಪನಿಗೆ ಒಂದು ವರ್ಷ ಮುಂಚೆ, 1844ರಲ್ಲಿ, ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೇಕಾರರೇ ಮೊದಲಾದ ದುಡಿಮೆಗಾರರು ಸೇರಿ ಸಹಕಾರಿ ಅಂಗಡಿ ತೆರೆದಿದ್ದರು. ಒಬ್ಬ ಸದಸ್ಯನಿಗೆ ಒಂದೇ ಮತ ಎಂಬುದು ಅವರ ದಾರಿ. ನಮ್ಮ ಸಂಘ ಹಿಡಿದಿರುವುದು ಆ ದಾರಿಯನ್ನೇ.

ಈಗ ಮುಖ್ಯ ವಿಷಯ. ಇಷ್ಟೆಲ್ಲ ಕೊಳ್ಳುವುದು, ಮಾರುವುದು, ಅಡಮಾನ ಇಡುವುದು ಇಪ್ಪತ್ತು ವರ್ಷ ನಡೆಯಿತಲ್ಲ, ಅದರ ಕಾಗದಗಳ ಗತಿ ಏನಾಯಿತು? ಇಂಗ್ಲೆಂಡಿನ ಪದ್ಧತಿಯಲ್ಲಿ ಜಮೀನು ತನ್ನದು ಎಂದು ತೋರಿಸಬೇಕಾದರೆ ಮೊದಲ ಮಾಲೀಕನಿಂದ ಹಿಡಿದು ಪ್ರತಿಯೊಂದು ಪತ್ರವನ್ನೂ ಸರಪಣಿಯ ಹಾಗೆ ಕೊಂಡಿ ಬಿಡದೆ ತೋರಿಸಬೇಕು. ಒಂದು ಕೊಂಡಿ ಕಳಚಿದರೆ ಎಲ್ಲ ಹೋಯಿತು. ಪ್ರತಿ ಸಲ ಕ್ರಯವಾದಾಗಲೂ ವಕೀಲರು ಮೊದಲಿನಿಂದ ಓದಬೇಕು, ಪ್ರತಿ ಸಲವೂ ಫೀಸು. ಅಡಿಲೇಡಿನಲ್ಲಿ ಪತ್ರಗಳು ಕಳೆದುಹೋಗಿದ್ದವು, ಕೊಂಡವರು ಊರು ಬಿಟ್ಟಿದ್ದರು. ನಮ್ಮ ತಂದೆಯವರ ಗದ್ದೆಯ ಕಥೆಯೇ, ಒಂದು ಇಡೀ ವಸಾಹತಿಗೆ.

ಅಲ್ಲಿಗೆ ರಾಬರ್ಟ್ ರಿಚರ್ಡ್ ಟಾರೆನ್ಸ್ ಎಂಬವರು 1840ರ ಕೊನೆಗೆ ಬಂದರು. ಅವರು ವಕೀಲರಲ್ಲ, ಬಂದರಿನ ಸುಂಕದ ಅಧಿಕಾರಿ. ಸುಂಕದ ಕಟ್ಟೆಯಲ್ಲಿ ಹಡಗುಗಳ ಪುಸ್ತಕ ನೋಡಿದ್ದವರು. ಹಡಗಿನ ಮಾಲೀಕತ್ವವನ್ನು 64 ಪಾಲು ಮಾಡಿ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಪಾಲು ಮಾರಿದರೆ ಆ ಪುಸ್ತಕದಲ್ಲೇ ಹೆಸರು ಬದಲಾಯಿಸಿದರಾಯಿತು. ನೀರಿನ ಮೇಲೆ ಓಡಾಡುವ ಹಡಗಿಗೇ ಇದು ಸಾಧ್ಯವಾದರೆ, ಕದಲದೆ ಬಿದ್ದಿರುವ ನೆಲಕ್ಕೆ ಯಾಕೆ ಆಗದು? ಅವರ ವಿಚಾರದ ಬೀಜ ಇದು. ಜರ್ಮನಿಯ ಹ್ಯಾಂಬರ್ಗಿನಿಂದ ಬಂದಿದ್ದ ಉಲ್ರಿಚ್ ಹ್ಯೂಬೆ ಎಂಬ ಕಾನೂನು ಪಂಡಿತರು ತಮ್ಮ ಊರಿನ ಭೂ ದಾಖಲೆಯ ಕ್ರಮ ತಿಳಿಸಿ ನೆರವಾದರು.

1858ರ ಜನವರಿಯಲ್ಲಿ ಕಾಯ್ದೆ ಪಾಸಾಯಿತು, ಜುಲೈನಿಂದ ಜಾರಿಗೆ ಬಂತು. ಅದರ ಸಾರ ಇಷ್ಟು. ಒಂದು ಜಮೀನಿಗೆ ರಿಜಿಸ್ಟರಿನಲ್ಲಿ ಒಂದು ಹಾಳೆ. ಅದರದೇ ಒಂದು ಪ್ರತಿ ಕಚೇರಿಯಲ್ಲಿ, ಇನ್ನೊಂದು ಮಾಲೀಕನ ಕೈಯಲ್ಲಿ. ಮಾರಿದರೂ ಅಡಮಾನ ಇಟ್ಟರೂ ಆ ಹಾಳೆಯ ಮೇಲೇ ಬರೆಯಬೇಕು. ಬರೆದಾಗಲೇ ಹಕ್ಕು ಹುಟ್ಟುವುದು. ಹಿಂದಿನ ಸರಪಣಿ ಹುಡುಕುವ ಹಾಗಿಲ್ಲ, ಹಾಳೆಯಲ್ಲಿ ಹೆಸರು ಇದ್ದವನೇ ಮಾಲೀಕ. ಅದಕ್ಕೆ ಸರ್ಕಾರವೇ ಜಾಮೀನು. ಈ ಕ್ರಮದಿಂದ ಯಾರಿಗಾದರೂ ಅನ್ಯಾಯವಾಗಿ ಜಮೀನು ಹೋದರೆ ಪರಿಹಾರ ಕೊಡಲು ಒಂದು ನಿಧಿ, ಅದಕ್ಕೆ ಜಮೀನು ದಾಖಲಾಗುವಾಗ ಎಲ್ಲರೂ ಸ್ವಲ್ಪ ಸ್ವಲ್ಪ ಕಟ್ಟಬೇಕು.

ವಕೀಲರು ಸುಮ್ಮನಿದ್ದಾರೆಯೇ? ಬಲವಾಗಿ ವಿರೋಧಿಸಿದರು. ಬೂತ್‌ಬಿ ಎಂಬ ನ್ಯಾಯಾಧೀಶರು ಅಲ್ಲಿನ ಶಾಸನಸಭೆ ಮಾಡಿದ ಕಾಯ್ದೆಗಳಿಗೇ ಅಡ್ಡ ನಿಂತರು, 1867ರಲ್ಲಿ ಅವರನ್ನು ಹುದ್ದೆಯಿಂದ ಇಳಿಸಬೇಕಾಯಿತು. ಟಾರೆನ್ಸ್ ತಾವೇ ಆ ಕಚೇರಿಯ ಮುಖ್ಯಸ್ಥರಾಗಿ ಕೂತು ಕೆಲಸ ನಡೆಸಿದರು. 1874ರೊಳಗೆ ಆಸ್ಟ್ರೇಲಿಯಾದ ಉಳಿದ ವಸಾಹತುಗಳೂ ನ್ಯೂಜಿಲೆಂಡೂ ಈ ಕ್ರಮ ಹಿಡಿದವು. ಮಲೇಷಿಯಾ, ಸಿಂಗಾಪುರಗಳಲ್ಲೂ ಇದೆ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಮಾತು ಅರ್ಧ ಸುಳ್ಳಾಗುತ್ತದೆ. ಲೈಟ್ ಅವರು ಗೂಟ ಹೊಡೆಯುವ ಮೊದಲು ಆ ನೆಲ ಖಾಲಿ ಇರಲಿಲ್ಲ. ಅದು ಕೌರ್ನಾ ಎಂಬ ಮೂಲ ಜನರ ನಾಡು. 1836ರ ಫೆಬ್ರವರಿಯ ರಾಜಶಾಸನದಲ್ಲಿ, ಆ ಜನ ವಾಸ ಮಾಡಿ ಅನುಭವಿಸುತ್ತಿರುವ ಭೂಮಿಗೆ ಧಕ್ಕೆ ಮಾಡಕೂಡದು ಎಂದೇ ಬರೆದಿತ್ತು. ಬರೆದದ್ದು ಬರೆದ ಹಾಗೇ ಉಳಿಯಿತು. ಜಮೀನು ಹರಾಜಾಯಿತು, ಚೆಂದದ ರಿಜಿಸ್ಟರೂ ಬಂತು, ಅದರಲ್ಲಿ ಕೌರ್ನಾ ಜನರ ಹೆಸರಿಗೆ ಹಾಳೆಯೇ ಇರಲಿಲ್ಲ. ಅವರ ಹಕ್ಕನ್ನು ನ್ಯಾಯಾಲಯ ಒಪ್ಪಿದ್ದು 2018ರಲ್ಲಿ, ಅದೂ ಕೆಲವೇ ತುಂಡು ಜಮೀನಿಗೆ. ಪುಸ್ತಕ ಕಾಯುವುದು ಅದರೊಳಗೆ ಹೆಸರಿರುವವರನ್ನು ಮಾತ್ರ. ಈ ಮಾತನ್ನು ದಯವಿಟ್ಟು ನೆನಪಿಡಿ.

ನಮ್ಮಲ್ಲಿ ಹೇಗಿದೆ? 1908ರ ನೋಂದಣಿ ಕಾಯ್ದೆಯಂತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದು ಪತ್ರ. ಮಾರಿದವನಿಗೆ ಹಕ್ಕಿತ್ತೋ ಇಲ್ಲವೋ ಎಂಬುದಕ್ಕೆ ಸರ್ಕಾರ ಜಾಮೀನಲ್ಲ. ಪಹಣಿಯಲ್ಲಿ ಬರೆದದ್ದು, 1964ರ ಭೂಕಂದಾಯ ಕಾಯ್ದೆಯಂತೆ, ತಪ್ಪೆಂದು ಸಾಬೀತಾಗುವ ತನಕ ಸರಿ ಎಂದು ಲೆಕ್ಕ. ಅಂದರೆ ಟಾರೆನ್ಸ್ ಕೊಟ್ಟ ಭದ್ರತೆ ನಮಗಿಲ್ಲ. ಇರುವುದನ್ನು ಸರಿಯಾಗಿ ಇಟ್ಟುಕೊಳ್ಳುವ ಹೊಣೆ ನಮ್ಮದೇ.

ಕಳೆದ ಮುಂಗಾರಿನಲ್ಲಿ ಒಬ್ಬ ತಾಯಿ ಸಾಲದ ಅರ್ಜಿ ಹಿಡಿದು ಸಂಘಕ್ಕೆ ಬಂದರು. ಗಂಡ ತೀರಿಕೊಂಡಿದ್ದಾರೆ, ಉಳುತ್ತಿರುವವರು ಅವರೇ. ಪಹಣಿ ಮಾತ್ರ ಮಾವನವರ ಹೆಸರಿನಲ್ಲಿದೆ, ಮಾವ ತೀರಿ ಹದಿನೆಂಟು ವರ್ಷ. ನಿಯಮದಂತೆ ಅರ್ಜಿ ವಾಪಸು ಕೊಟ್ಟೆವು. ಅವರು ಏನೂ ಅನ್ನಲಿಲ್ಲ, ಚೀಲದೊಳಗೆ ಕಾಗದ ಮಡಿಸಿಟ್ಟುಕೊಂಡು ಹೋದರು. ಆ ರಾತ್ರಿ ನಮಗೆ ಊಟ ಸೇರಲಿಲ್ಲ. ಯಾಕೆಂದರೆ ನಮ್ಮ ಮನೆಯ ಖಾತೆಯೇ ಇನ್ನೂ ತಂದೆಯವರ ಹೆಸರಿನಲ್ಲಿತ್ತು! ಅವರು ಹೋಗಿ ಆರು ವರ್ಷವಾಗಿತ್ತು. ಬೇರೆ ಒಂದೂವರೆ ಎಕರೆ ನಮ್ಮ ಹೆಸರಿಗೆ ಇರುವುದರಿಂದ ಸಾಲಕ್ಕೆ ಅಡ್ಡಿಯಾಗಿರಲಿಲ್ಲ, ಸುಮ್ಮನಿದ್ದೆವು. ಪುರುಸೊತ್ತಿಲ್ಲ ಎಂದು ಊರಿಗೆ ಹೇಳುತ್ತಿದ್ದೆವು. ನಿಜವಾದ ಕಾರಣ ಅದಲ್ಲ. ಪೌತಿ ಖಾತೆಗೆ ಹೋದರೆ ಅಕ್ಕನ ಹೆಸರೂ ಬರೆಸಬೇಕಾಗುತ್ತದೆ ಎಂಬ ಅಳುಕು. ಈ ವೇದಿಕೆಯ ಮೇಲೆ ನಿಂತು ಅದನ್ನು ಒಪ್ಪಿಕೊಳ್ಳುತ್ತೇವೆ. ಮೋಸದ ಕಾಗದದಿಂದ ಓದು ಕಳಕೊಂಡ ನಾವೇ, ಒಡಹುಟ್ಟಿದವಳ ಹೆಸರನ್ನು ಪುಸ್ತಕದಿಂದ ಹೊರಗಿಟ್ಟು ಕೂತಿದ್ದೆವು. ಅಡಿಲೇಡಿನವರನ್ನು ಬೈಯಲು ನಮಗೇನು ಬಾಯಿ?

ಹೋದ ತಿಂಗಳು ಅರ್ಜಿ ಕೊಟ್ಟಿದ್ದೇವೆ, ಅಕ್ಕನ ಹೆಸರನ್ನೂ ಸೇರಿಸಿ. ಆ ತಾಯಿಯ ಅರ್ಜಿಯನ್ನೂ ಜೊತೆಗೇ ಬರೆಸಿದ್ದೇವೆ.

ಆದ್ದರಿಂದ ನಮ್ಮ ಕೋರಿಕೆ ಇಷ್ಟೆ. ಹಿರಿಯರು ತೀರಿಕೊಂಡಿದ್ದರೆ ಪೌತಿ ಖಾತೆ ಮಾಡಿಸಿ. ಪಾಲು ಆಗಿದ್ದರೆ ಪಂಚಾಯ್ತಿ ಮಾತಿನಲ್ಲಿ ಬಿಡಬೇಡಿ, ಅಳತೆ ಮಾಡಿಸಿ, ವಿಭಾಗ ಪತ್ರ ನೋಂದಾಯಿಸಿ. ಕೊಳ್ಳುವ ಮುಂಚೆ ಇ.ಸಿ. ತೆಗೆಸಿ, ಮಾರುವವರ ಮನೆಯ ಹೆಣ್ಣುಮಕ್ಕಳನ್ನೂ ಕೇಳಿ. 2005ರ ತಿದ್ದುಪಡಿ ಬಂದ ಮೇಲೆ ಹಿಂದೂ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಅರ್ಜಿ ಬರೆಯಲು ಬಾರದವರು ಸಂಘಕ್ಕೆ ಬನ್ನಿ. ಪ್ರತಿ ಸೋಮವಾರ ಸಂಜೆ ನಾವು ಕಚೇರಿಯಲ್ಲಿ ಕೂತಿರುತ್ತೇವೆ, ಬರೆದು ಕೊಡುತ್ತೇವೆ. ಅದಕ್ಕೆ ದುಡ್ಡಿಲ್ಲ.

ಇಪ್ಪತ್ತೈದು ವರ್ಷ ನಮ್ಮ ಸಂಘ ನಿಂತಿರುವುದು ಕಟ್ಟಡದ ಮೇಲಲ್ಲ, ಲೆಡ್ಜರಿನ ಮೇಲೆ. ಅದರಲ್ಲಿ ಬರೆದದ್ದು ಸರಿ ಎಂದು ನೀವು ನಂಬಿದ್ದೀರಿ. ಅದೇ ನಂಬಿಕೆ ನಿಮ್ಮ ಮನೆಯ ಪಹಣಿಗೂ ಬರಲಿ ಎಂದು ಹಾರೈಸಿ, ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ.