ಮುಕ್ತಮನಸ್ಸಿನ ಒರೆಗಲ್ಲು



ಮುಕ್ತಮನಸ್ಸೆಂಬುದು ಎಲ್ಲರೂ ಹೊಗಳುವ ಗುಣವು. ತನ್ನ ಮನಸ್ಸು ಮುಚ್ಚಿದೆಯೆಂದು ಹೇಳಿಕೊಳ್ಳುವವನು ಲೋಕದಲ್ಲಿ ವಿರಳನು. ತನಗೆ ಹಾನಿಯಿಲ್ಲದ ಹೊಸ ಮಾತಿಗೆ ತಲೆದೂಗುವದು ಸುಲಭವು. ಆ ಮಾತು ತನ್ನ ಮೇಲೆಯೇ ದೋಷವನ್ನು ಹೊರಿಸಿದಾಗ ಕಿವಿಗೊಡುವದು ಕಠಿಣವು. ಈ ಗುಣದ ಒರೆಗಲ್ಲು ಅಲ್ಲಿಯೇ ಇರುವದು. ವೈದ್ಯಶಾಸ್ತ್ರದ ಇತಿಹಾಸದಲ್ಲಿ ಇದಕ್ಕೊಂದು ನಿದರ್ಶನವುಂಟು.

ವಿಯೆನ್ನಾ ನಗರದ ದೊಡ್ಡ ರುಗ್ಣಾಲಯದಲ್ಲಿ ಎರಡು ಹೆರಿಗೆಯ ವಿಭಾಗಗಳಿದ್ದವು. ಒಂದು ವೈದ್ಯರದು ಹಾಗೂ ವೈದ್ಯವಿದ್ಯಾರ್ಥಿಗಳದು, ಇನ್ನೊಂದು ಸೂಲಗಿತ್ತಿಯರದು. 1846ರಲ್ಲಿ ಸೂಲಗಿತ್ತಿಯರ ವಿಭಾಗದಲ್ಲಿ 3754 ಹೆರಿಗೆಗಳಾಗಿ 105 ತಾಯಂದಿರು ಮಡಿದರು. ವೈದ್ಯರ ವಿಭಾಗದಲ್ಲಿ 4010 ಹೆರಿಗೆಗಳಾಗಿ 459 ತಾಯಂದಿರು ಮಡಿದರು. ಸೂತಿಕಾಜ್ವರವೇ ಆ ಮೃತ್ಯು. ವಿದ್ಯೆಯು ಹೆಚ್ಚಿದ್ದಲ್ಲಿಯೇ ಸಾವೂ ಹೆಚ್ಚಾಗಿತ್ತು! ಕೆಟ್ಟ ಗಾಳಿಯೇ ಕಾರಣವೆಂದು ಪಂಡಿತರು ಹೇಳುತ್ತಿದ್ದರು. ಆದರೆ ಎರಡು ವಿಭಾಗಗಳಿಗೂ ಗಾಳಿಯು ಒಂದೇ ಆಗಿತ್ತು.

ವೈದ್ಯರ ವಿಭಾಗದಲ್ಲಿ ಸಹಾಯಕನಾಗಿದ್ದ ಹಂಗೇರಿ ದೇಶದ ಇಗ್ನಾಜ್ ಸೆಮ್ಮೆಲ್‌ವೈಸನು ಒಂದೊಂದು ಊಹೆಯನ್ನೂ ಪರೀಕ್ಷೆಗೆ ತಂದನು. ಸಾಯುವವರ ಬಳಿಗೆ ಪಾದ್ರಿಯು ಗಂಟೆಯ ನಾದದೊಡನೆ ಬರುವದರಿಂದ ಬಾಣಂತಿಯರು ಅಂಜಿ ರೋಗಕ್ಕೀಡಾಗುವರೆಂಬ ಮಾತನ್ನು ಸಹ ಅವನು ನಕ್ಕು ತಳ್ಳಲಿಲ್ಲ. ಪಾದ್ರಿಯನ್ನು ಒಡಂಬಡಿಸಿ, ಗಂಟೆಯಿಲ್ಲದೆ ಬೇರೆ ದಾರಿಯಿಂದ ಬರುವಂತೆ ಮಾಡಿ ನೋಡಿದನು. ಸಾವು ತಗ್ಗಲಿಲ್ಲ, ಆ ಊಹೆಯನ್ನು ಕೈಬಿಟ್ಟನು. ಬಂದುದೆಲ್ಲವನ್ನೂ ನಂಬುವವನು ಮುಕ್ತಮನಸ್ಸಿನವನಲ್ಲ. ಪರೀಕ್ಷಿಸಿ ಹಿಡಿಯುವ, ಪರೀಕ್ಷಿಸಿ ಬಿಡುವ ಧೈರ್ಯವು ಅವನಿಗೆ ಬೇಕು.

1847ರಲ್ಲಿ ಅವನ ಮಿತ್ರನಾದ ಕೊಲೆಚ್ಕನೆಂಬ ವೈದ್ಯನಿಗೆ ಶವಚ್ಛೇದನದ ಸಮಯದಲ್ಲಿ ಕತ್ತಿಯು ತಗುಲಿ ಗಾಯವಾಯಿತು. ಅದರಿಂದಲೇ ಅವನು ತೀರಿಕೊಂಡನು. ಅವನ ದೇಹದಲ್ಲಿ ಮೃತ ಬಾಣಂತಿಯರ ದೇಹಗಳಲ್ಲಿದ್ದ ಲಕ್ಷಣಗಳೇ ಕಂಡುಬಂದವು. ಹೆಣಗಳನ್ನು ಛೇದಿಸಿ ಬಂದ ವೈದ್ಯರ ಕೈಗಳೇ ತಾಯಂದಿರಿಗೆ ವಿಷವನ್ನು ಮುಟ್ಟಿಸುತ್ತಿದ್ದವೆಂದು ಸೆಮ್ಮೆಲ್‌ವೈಸನಿಗೆ ಹೊಳೆಯಿತು. ಸೂಲಗಿತ್ತಿಯರು ಹೆಣಗಳನ್ನು ಮುಟ್ಟುತ್ತಿರಲಿಲ್ಲ. ಅವನಾದರೋ ಬಹಳ ಹೆಣಗಳನ್ನು ಛೇದಿಸಿದವನು. ರೋಗದ ಕಾರಣವನ್ನು ಹುಡುಕುವ ಶ್ರದ್ಧೆಯೇ ರೋಗವನ್ನು ಹೊತ್ತು ತಂದಿತ್ತು. ಸತ್ಯವು ಮೊದಲು ಬೊಟ್ಟು ಮಾಡಿದುದು ಅವನ ಕಡೆಗೇ. ಅವನು ಮುಖ ತಿರುಗಿಸಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಎಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಿಂದ ಕೈ ತೊಳೆಯುವ ಕಟ್ಟಳೆಯನ್ನು ಮಾಡಿದನು. 1848ರಲ್ಲಿ ಅದೇ ವಿಭಾಗದಲ್ಲಿ 3556 ಹೆರಿಗೆಗಳಲ್ಲಿ ಸತ್ತವರು 45 ಮಂದಿ ಮಾತ್ರ.

ಆದರೂ ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ. ಸೂಕ್ಷ್ಮಜೀವಿಗಳ ಜ್ಞಾನವು ಆಗ ಇನ್ನೂ ಬೆಳೆದಿರಲಿಲ್ಲ, ನಿಜ. ಆದರೆ ಒಪ್ಪಿದರೆ ತಮ್ಮ ಕೈಗಳೇ ಕೊಂದವೆಂದು ಒಪ್ಪಬೇಕಾಗುತ್ತಿತ್ತು. ಸೆಮ್ಮೆಲ್‌ವೈಸನೂ ತನ್ನ ಗ್ರಂಥವನ್ನು 1861ರ ವರೆಗೆ ಹೊರತರಲಿಲ್ಲ. ಬಳಿಕ ಒಪ್ಪದವರನ್ನು ಕೊಲೆಗಾರರೆಂದು ಜರೆದನು. ಕಟುನುಡಿಯಿಂದ ಮುಚ್ಚಿದ ಬಾಗಿಲುಗಳು ತೆರೆಯಲಿಲ್ಲ. 1865ರಲ್ಲಿ ಅವನು ಹುಚ್ಚರ ಆಸ್ಪತ್ರೆಯಲ್ಲಿ ಮರಣಹೊಂದಿದನು. ಈ ವಿಳಂಬದ ಬೆಲೆಯನ್ನು ತೆತ್ತವರು ತಾಯಂದಿರು.

ಮನೆಯಲ್ಲಿ ಹಿರಿಯನಿಗೆ ಕಿರಿಯನು, ಶಾಲೆಯಲ್ಲಿ ಗುರುವಿಗೆ ಶಿಷ್ಯನು, ಸಭೆಯಲ್ಲಿ ಅಧ್ಯಕ್ಷನಿಗೆ ಸಾಮಾನ್ಯನು ತಪ್ಪನ್ನು ತೋರಿಸುವ ಪ್ರಸಂಗವು ದಿನವೂ ಬರುತ್ತದೆ. ಆಗ ಹೇಳಿದವನ ಯೋಗ್ಯತೆಯನ್ನು ಅಳೆಯುವ ಮೊದಲು, ತನ್ನ ಕೈಗಳನ್ನು ಒಮ್ಮೆ ನೋಡಿಕೊಳ್ಳುವವನೇ ಮುಕ್ತಮನಸ್ಸಿನವನು. ಅಂಥವರು ಮನೆಮನೆಯಲ್ಲಿಯೂ ಹೆಚ್ಚಲಿ.